ಹಾಸ್ಟೆಲಿನ ಹಿತ್ತಲ ಸೇಬಿನ ಗಿಡಗಳು

ಚಾಮರಾಜಪೇಟೆಯ ಹಾಸ್ಟೆಲಿನ ಹಿತ್ತಲಲ್ಲಿ ಸೇಬಿನ ಗಿಡಗಳಿವೆ ಅಂದರೆ ಮೊದಮೊದಲು ಯಾರೂ ನಂಬುತ್ತಿರಲಿಲ್ಲ. ಸೇಬು ಅಂದರೆ ಕಾಶ್ಮೀರ, ತಪ್ಪಿದರೆ ಶಿಮ್ಲಾ. ಬೆಂಗಳೂರಿನ ಬಿಸಿಲಿಗೆ ಎಲ್ಲಿಯ ಸೇಬು ಅಂತ ನಗುತ್ತಿದ್ದರು. ನಗುವವರ ಕೈಗೆ ವೆಂಕಟಪ್ಪ ಒಂದು ಹಣ್ಣಿಟ್ಟು, "ಮೊದ್ಲು ಕಚ್ಚಿ. ಆಮೇಲೆ ನಗೋರಂತೆ" ಅನ್ನುತ್ತಿದ್ದರು.

ವೆಂಕಟಪ್ಪ ಅದೇ ಹಾಸ್ಟೆಲಿನಲ್ಲಿದ್ದು ಓದಿದವರು. ಅಪ್ಪ ಮಿಲ್ಲಿನ ಕೂಲಿ. ಮನೆಯಲ್ಲಿ ಅಕ್ಷರ ಕಲಿತವರಲ್ಲಿ ಇವರೇ ಮೊದಲಿಗರು. ಮುಂದೆ ತೋಟಗಾರಿಕೆ ಇಲಾಖೆ ಸೇರಿ, ಗಿಡಗಳ ರೋಗ, ಹುಳ ನೋಡುವ ಕೆಲಸದಲ್ಲೇ ತಲೆ ಬೆಳ್ಳಗಾಯಿತು. ರಿಟೈರ್ ಆದ ಮೇಲೆ ಹಾಸ್ಟೆಲಿನ ಟ್ರಸ್ಟಿನವರನ್ನು ಕೇಳಿ, ಮುರಿದ ಬೆಂಚು ಬಿದ್ದಿದ್ದ ಹಿತ್ತಲನ್ನು ಪಡೆದು, ಹೆಚ್ಚು ಚಳಿ ಬೇಡದ ತಳಿಯ ಹದಿನಾಲ್ಕು ಸಸಿ ತಂದು ನೆಟ್ಟರು. ಸೇಬಿನ ಗಿಡಕ್ಕೆ ಎಲೆ ಉದುರಿದರೇ ಹೂವು. ಇಲ್ಲಿಯ ಚಳಿಗೆ ಎಲೆ ತಾನಾಗಿ ಉದುರುವುದಿಲ್ಲ. ಅದಕ್ಕೇ ಪ್ರತಿ ಡಿಸೆಂಬರಿನಲ್ಲಿ ಅಪ್ಪ, ಮಗಳು ಇಬ್ಬರೂ ನಿಂತು ಕೈಯಾರೆ ಎಲೆ ಕೀಳುತ್ತಿದ್ದರು. "ಪಾಪ, ನೋಯಲ್ವಾ ಅಪ್ಪಾ?" ಅಂತ ಭಾಗ್ಯ ಮೊದಲ ವರ್ಷ ಕೇಳಿದ್ದಳು. "ನೋಯುತ್ತೆ ಮಗಾ. ನೋಯದೇ ಇದ್ರೆ ಅದಕ್ಕೆ ಎಚ್ಚರ ಆಗಲ್ಲ" ಅಂದಿದ್ದರು.

ಭಾಗ್ಯ ಅಲ್ಲೇ ಹತ್ತಿರದ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಗಂಡ ನಂದೀಶನ ಜೊತೆ ಅಪ್ಪನ ಮನೆಯ ಮಹಡಿಯಲ್ಲೇ ವಾಸ. ಸ್ಕೂಲಿಗೆ ಹೊರಡುವ ಮುಂಚೆ ದಿನವೂ ಅಪ್ಪನೊಟ್ಟಿಗೆ ಹಿತ್ತಲಿಗೆ ಹೋಗುವುದು ಅವಳ ರೂಢಿ. ವೆಂಕಟಪ್ಪ ಎಲೆ ಮಗುಚಿ ಬೆನ್ನು ನೋಡುವರು, ತೊಗಟೆಯ ಬಿರುಕಿಗೆ ಭೂತಗನ್ನಡಿ ಹಿಡಿಯುವರು, ಬುಡದ ಮಣ್ಣು ಕೆದಕುವರು. "ಔಷಧಿ ಹೊಡೆಯೋದು ಯಾರ್ ಬೇಕಾದ್ರೂ ಹೊಡೀತಾರೆ. ನೋಡೋದೇ ಕಷ್ಟ" ಎಂಬುದು ಅವರ ಮಾತು. ಹಾಗೆ ನೋಡಿ ನೋಡಿಯೇ ಅಷ್ಟು ವರ್ಷ ಆ ಗಿಡಗಳಿಗೆ ವಿಷ ಮುಟ್ಟಿಸದೆ ಕಾಪಾಡಿಕೊಂಡು ಬಂದಿದ್ದರು.

ಆ ವರ್ಷ ಮಳೆಗಾಲ ಮುಗಿಯುತ್ತಾ ಬಂದಿತ್ತು. ಒಂದು ದಿನ ಸ್ಕೂಲು ಬಿಟ್ಟು ಬರುವಾಗ ಹಾಸ್ಟೆಲಿನ ವಾರ್ಡನ್ ಬೈರಯ್ಯ ಗೇಟಿನಲ್ಲಿ ತಡೆದರು.

"ಮೇಡಂ, ಹಿಂದಿನ ಸಾಲಿನ ಗಿಡಕ್ಕೆ ಹತ್ತಿ ಅಂಟ್ಕೊಂಡಂಗಿದೆ. ಹುಡುಗ್ರು ಏನಾದ್ರೂ ಚೇಷ್ಟೆ ಮಾಡಿದ್ರಾ ಅಂದ್ಕೊಂಡೆ. ಒರೆಸಿದ್ರೆ ಕೈಯೆಲ್ಲಾ ಕೆಂಪಾಯ್ತು."

ಭಾಗ್ಯ ಬ್ಯಾಗನ್ನು ಗೇಟಿನಲ್ಲೇ ಇಟ್ಟಳು. ಓಡಿ ಹೋಗಿ ನೋಡಿದಳು. ಕೊಂಬೆಯ ಸಂದಿನಲ್ಲಿ, ಹಳೆಯ ಕತ್ತರಿಸಿದ ಗಾಯದ ಸುತ್ತ, ಬೆಳ್ಳಗೆ ನೂಲಿನ ಮುದ್ದೆ. ಉಣ್ಣೆ ಹೇನು. ಸೇಬಿನ ಗಿಡದ ರಸ ಹೀರಿ, ಕೊಂಬೆಯಲ್ಲೂ ಬೇರಿನಲ್ಲೂ ಗಂಟು ಎಬ್ಬಿಸುವ ಹುಳ. ಅಪ್ಪ ಎಷ್ಟೋ ಸಲ ಹೇಳಿ, ಪುಸ್ತಕದ ಚಿತ್ರ ತೋರಿಸಿದ್ದರು. ಒಂದಲ್ಲ, ಮೂರು ಗಿಡಕ್ಕೆ ಹತ್ತಿತ್ತು.

ಅವಳಿಗೆ ಹುಳಕ್ಕಿಂತ ಇನ್ನೊಂದು ಹೆದರಿಕೆಯಾಯಿತು. ಆ ಬೆಳಿಗ್ಗೆಯಷ್ಟೇ ಅಪ್ಪ ಇದೇ ಗಿಡದ ಮುಂದೆ ನಿಂತು, ಇದೇ ಕೊಂಬೆ ಹಿಡಿದು, "ಚೆನ್ನಾಗಿದೆ, ನಡಿ" ಅಂದಿದ್ದರು. ಆ ಮಾತು ನಂಬಿ ಅವಳೂ ನೋಡದೆ ನಡೆದಿದ್ದಳು.

ಆಮೇಲೆ ಒಂದೊಂದೇ ನೆನಪಿಗೆ ಬಂತು. ಊಟಕ್ಕೆ ಕೂತಾಗ ಸಾರು ತಟ್ಟೆಯಾಚೆ ಸುರಿದುಕೊಂಡಿದ್ದು, ಮೆಜೆಸ್ಟಿಕ್ಕಿನಿಂದ ಬರುವಾಗ ಬೇರೆ ಬಸ್ಸು ಹತ್ತಿ ಎಲ್ಲಿಗೋ ಹೋಗಿ ಆಟೋದಲ್ಲಿ ಬಂದಿದ್ದು, ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡು ಮನೆಯೇ ಇಕ್ಕಟ್ಟು ಅಂತ ರೇಗಿದ್ದು.

ಮರುದಿನ ರಜೆ ಹಾಕಿ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಬಹಳ ಹೊತ್ತು ನೋಡಿ, ಗ್ಲಾಕೋಮಾ ಅಂದರು. ಕಣ್ಣಿನೊಳಗಿನ ಒತ್ತಡ ಏರಿ ನರ ಸೋತಿದೆ. ಪಕ್ಕದ ನೋಟ ಆಗಲೇ ಹೋಗಿದೆ, ನೇರ ನೋಟವೂ ಮಸುಕು. "ಹೋಗಿರೋದು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೊಳೋಣ, ದಿನಾ ತಪ್ಪದೇ ಡ್ರಾಪ್ಸ್ ಹಾಕ್ಕೊಳಿ."

ವೆಂಕಟಪ್ಪ ತಲೆಯಾಡಿಸಿದರು. ಆಟೋದಲ್ಲಿ ಬರುವಾಗ ಒಂದೇ ಮಾತು ಕೇಳಿದರು.

"ಗಿಡ ಎಲ್ಲಾ ಸರಿಯಾಗಿದಾವಲ್ಲ ಮಗಾ? ನನ್ ಕಣ್ಣು ತಪ್ಪಿಸಿ ಏನಾದ್ರೂ ಬಂದಿದ್ಯಾ?"

ಭಾಗ್ಯ ಅಪ್ಪನ ಮುಖ ನೋಡಿದಳು. ಆ ಹೊತ್ತಿನಲ್ಲಿ ಇನ್ನೊಂದು ಏಟು ಹಾಕಲು ಅವಳಿಗೆ ಬಾಯಿ ಬರಲಿಲ್ಲ.

"ಏನೂ ಇಲ್ಲ ಅಪ್ಪಾ. ಎಲ್ಲಾ ಚೆನ್ನಾಗಿದೆ."

ಎರಡು ವಾರದೊಳಗೆ ಹುಳ ತೆಗೆದುಬಿಟ್ಟರೆ ಸುಳ್ಳೂ ನಿಜವಾಗಿಬಿಡುತ್ತದೆ ಅಂದುಕೊಂಡಳು. ಸಂಜೆ ಹೊತ್ತು, ಅಪ್ಪ ಮನೆಯಲ್ಲಿರುವಾಗ, ಸೋಪಿನ ನೀರು ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು ಹಿತ್ತಲಿಗೆ ಹೋಗಿ ಕೊಂಬೆ ಉಜ್ಜುತ್ತಿದ್ದಳು. ಬೆರಳೆಲ್ಲ ರಕ್ತದ ಬಣ್ಣ. ಉಜ್ಜಿದ ಕಡೆ ಹೋಯಿತು, ಉಜ್ಜದ ಕಡೆ ಬಂತು. ನಾಲ್ಕನೆಯ ಗಿಡದಲ್ಲೂ ಬಿಳಿ ಕಂಡ ದಿನ ಅವಳ ಧೈರ್ಯ ಉಡುಗಿತು. ಕಲಾಸಿಪಾಳ್ಯದ ಹತ್ತಿರ ಬೀಜ, ಗೊಬ್ಬರ ಮಾರುವ ಅಂಗಡಿಗೆ ಹೋಗಿ ಫೋನಿನಲ್ಲಿದ್ದ ಫೋಟೊ ತೋರಿಸಿದಳು. ಅಂಗಡಿಯವನು ಒಂದು ಬಾಟಲಿ ಕೊಟ್ಟು, "ಇದು ಬಿತ್ತೂಂದ್ರೆ ಯಾವ ಹುಳಾನೂ ನಿಲ್ಲಲ್ಲ ಮೇಡಂ" ಅಂದ.

ಭಾನುವಾರ ಅಪ್ಪ ಹನುಮಂತನಗರದ ನೆಂಟರ ಮನೆಗೆ ಹೋಗಿದ್ದಾಗ ನಂದೀಶನನ್ನು ಕರೆದುಕೊಂಡು ಹದಿನಾಲ್ಕೂ ಗಿಡಕ್ಕೆ ಹೊಡೆಸಿದಳು. ವಾಸನೆ ಆರುವವರೆಗೆ ಏನೋ ನೆಪ ಹೇಳಿ ಅಪ್ಪನನ್ನು ಹಿತ್ತಲಿಗೆ ಕರೆತರಲಿಲ್ಲ. ವಾರದಲ್ಲಿ ಕೊಂಬೆಗಳು ಸ್ವಚ್ಛವಾದವು. ಬಹಳ ದಿನದ ಮೇಲೆ ಭಾಗ್ಯ ನೆಮ್ಮದಿಯಾಗಿ ನಿದ್ದೆ ಮಾಡಿದಳು.

ಆದರೆ ತಾಯಿ ಪಾರ್ವತಮ್ಮನಿಗೆ ಮಗಳ ಬೆರಳಿನ ಕಲೆ ಕಂಡಿತ್ತು, ಸೀರೆಯ ವಾಸನೆ ತಿಳಿದಿತ್ತು. ಅಡುಗೆಮನೆಯಲ್ಲಿ ಮೆಲ್ಲಗೆ ಅಂದರು.

"ಹೇಳ್ಬಿಡೇ ಅವರಿಗೆ. ಅವರು ತಡ್ಕೋತಾರೆ. ತಡ್ಕೊಳಕ್ಕಾಗ್ದೇ ಇರೋದು ನಿಂಗೆ."

"ಈಗ ವಾಸಿಯಾಗಿದೆ ಅಮ್ಮಾ. ಹೇಳಿ ಯಾಕೆ ನೋಯಿಸೋದು?"

ಆ ಡಿಸೆಂಬರಿನಲ್ಲಿ ಹಿಂದಿನ ಸಾಲುಗಳ ಎಲೆಯನ್ನೆಲ್ಲ ಭಾಗ್ಯ ಒಬ್ಬಳೇ ಕಿತ್ತು ಮುಗಿಸಿದಳು. ಸಂಕ್ರಾಂತಿಯ ಹೊತ್ತಿಗೆ ಹುಳ ತಿರುಗಿ ಬಂತು. ಮೊದಲಿನ ಹಾಗಲ್ಲ, ಮುಗಿಬಿದ್ದು ಬಂತು. ಹಿಂದಿನ ಸಾಲುಗಳಲ್ಲಿ ಹೂವು ಬಿಡಬೇಕಾದ ರೆಂಬೆಗಳೆಲ್ಲ ಬೆಳ್ಳಗೆ ಮೆತ್ತಿಕೊಂಡವು. ಭಾಗ್ಯ ಅದೇ ಬಾಟಲಿಯನ್ನು ಮತ್ತೊಮ್ಮೆ ಹೊಡೆಸಿದಳು. ಈ ಸಲ ಅರ್ಧಕ್ಕರ್ಧವೂ ಹೋಗಲಿಲ್ಲ. ಬೆಳಗಿನ ಸುತ್ತಿನಲ್ಲಿ ಅಪ್ಪನನ್ನು ಮುಂದಿನ ಸಾಲಿನಲ್ಲೇ ನಿಲ್ಲಿಸಿಕೊಂಡು, "ಹಿಂದೆ ಪೈಪ್ ಒಡೆದು ಕೆಸರಾಗಿದೆ, ಜಾರ್ತೀರ" ಅನ್ನುತ್ತಿದ್ದಳು. ಅವರು ನಂಬಿ, ಅವಳ ಭುಜ ಹಿಡಿದು ಮನೆಗೆ ತಿರುಗುತ್ತಿದ್ದರು. ಆ ನಂಬಿಕೆ ಅವಳಿಗೆ ಭುಜದ ಮೇಲಿನ ಕಲ್ಲಾಯಿತು.

ಎಸ್ಸೆಸ್ಸೆಲ್ಸಿಯ ಪೂರ್ವಸಿದ್ಧತಾ ಪರೀಕ್ಷೆ ಶುರುವಾಗಿ, ಒಂದು ದಿನ ಅವಳು ಮುಂಜಾನೆಯೇ ಸ್ಕೂಲಿಗೆ ಹೊರಡಬೇಕಾಯಿತು. ಮಧ್ಯಾಹ್ನ ಬೈರಯ್ಯನ ಫೋನು.

"ಮೇಡಂ, ಸಾರ್ ಒಬ್ರೇ ಬಂದಿದಾರೆ. ಹಿಂದೆ ನೆಲದ ಮೇಲೆ ಕೂತ್ಬಿಟ್ಟಿದಾರೆ. ಕರೆದ್ರೂ ಏಳ್ತಿಲ್ಲ. ಬಂದ್ಬಿಡಿ."

ಭಾಗ್ಯ ಬಂದಾಗ ವೆಂಕಟಪ್ಪ ಹಿಂದಿನ ಸಾಲಿನ ಗಿಡದ ಬುಡದಲ್ಲಿ ಕೂತಿದ್ದರು. ಬುಡದ ಮಣ್ಣನ್ನು ಕೈಯಿಂದಲೇ ತೋಡಿದ್ದರು. ಬೆರಳು ಬೇರಿನ ಮೇಲಿತ್ತು. ಬೇರಿನ ತುಂಬ ಗಂಟುಗಳು, ಹಸಿಶುಂಠಿಯ ಹಾಗೆ. ಹೆಜ್ಜೆ ಸಪ್ಪಳ ಕೇಳಿಯೂ ಅವರು ತಲೆಯೆತ್ತಲಿಲ್ಲ.

"ಯಾವತ್ತಿಂದ?"

"ಆಸ್ಪತ್ರೆಗೆ ಹೋದ್ವಲ್ಲ... ಅದರ ಹಿಂದಿನ ದಿನ ಕಾಣಿಸ್ತು ಅಪ್ಪಾ."

"ವಾಸನೆ ಬರ್ತಿದೆ. ಏನ್ ಹೊಡೆದೆ?"

ಹೆಸರು ಹೇಳಿದಳು. ವೆಂಕಟಪ್ಪ ಕಣ್ಣು ಮುಚ್ಚಿಕೊಂಡರು.

"ಈ ಹುಳದೊಳಗೇ ಮೊಟ್ಟೆ ಇಟ್ಟು ಇದನ್ನ ತಿಂದ್ಹಾಕೋ ಸಣ್ಣ ಕರಿ ಕಣಜ ಒಂದಿದೆ ಮಗಾ. ಸಾಸಿವೆಗಿಂತ ಸಣ್ಣದು. ಅದು ನಮ್ ಹಿತ್ತಲಲ್ಲಿತ್ತು. ಇಷ್ಟು ವರ್ಷ ಈ ಗಿಡಗಳ್ನ ಕಾದಿದ್ದು ನಾನಲ್ಲ, ಅದು. ನೀನು ಹೊಡೆದಿದ್ದು ಮೊದಲು ಸಾಯಿಸಿದ್ದು ಅದನ್ನ. ಬೇರಿನಲ್ಲಿ ಅಡಗಿರೋ ಹುಳಕ್ಕೆ ಏನೂ ಆಗಿಲ್ಲ. ಕಾಯೋರಿಲ್ಲದ ಮನೆಗೆ ಎದ್ದು ಬಂದಿದೆ."

ಭಾಗ್ಯ ಅಲ್ಲೇ ಮಣ್ಣಿನಲ್ಲಿ ಕೂತಳು. "ನಿಮಗೆ ನೋವಾಗುತ್ತೆ ಅಂತ ಹೇಳ್ಲಿಲ್ಲ ಅಪ್ಪಾ. ಅವತ್ತು ನಿಮ್ ಮುಖ ನೋಡಿ ನನಗೆ..."

"ನನ್ ಕಣ್ಣು ಹೋಯ್ತು, ಹೋಗ್ಲಿ. ವಯಸ್ಸಾಯ್ತು." ಅವರ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು ಅಂತ ಭಾಗ್ಯಳಿಗೆ ಅನ್ನಿಸಿತು. "ನಿನ್ ಕಣ್ಣಿತ್ತಲ್ಲ ಮಗಾ. ಅದನ್ನಾದ್ರೂ ನಂಗೆ ಕೊಡಬಹುದಿತ್ತು. ಬಿಳಿ ಕಂಡಿದೆ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು. ಮಿಕ್ಕಿದ್ದು ನನ್ ತಲೇಲಿತ್ತು."

ಅವಳು ಅತ್ತಳು. ಅವರು ತೋಡಿದ ಮಣ್ಣನ್ನು ಬೇರಿನ ಮೇಲೆ ಎಳೆದು ಮುಚ್ಚಿದರು. ಆಮೇಲೆ ಮಣ್ಣು ಮೆತ್ತಿದ ಕೈಯನ್ನು ಅವಳತ್ತ ಚಾಚಿ, "ಎಬ್ಬಿಸು" ಅಂದರು.

ಬೇರಿಗೇ ಹುಳ ಹತ್ತಿದ ಗಿಡಗಳು ಉಳಿಯುವಂತಿರಲಿಲ್ಲ. ಅವನ್ನು ಕೀಳಿಸುವ ದಿನವನ್ನು ಅವರೇ ಗೊತ್ತುಮಾಡಿದರು. ಇಬ್ಬರು ಆಳು ಬಂದರು. ಬೈರಯ್ಯ ಕುರ್ಚಿ ತಂದು ಹಾಕಿದರು. ಒಂದೊಂದು ಗಿಡದ ಬುಡ ಬಿಡಿಸಿದಾಗಲೂ ವೆಂಕಟಪ್ಪ, "ಬೇರು ಹೇಗಿದೆ? ಹೇಳು" ಅನ್ನುತ್ತಿದ್ದರು. ಭಾಗ್ಯ ಬಗ್ಗಿ ನೋಡಿ, ಇದ್ದುದನ್ನು ಇದ್ದ ಹಾಗೆ ಹೇಳುತ್ತಿದ್ದಳು. ಗಂಟಿದೆ ಅಪ್ಪಾ. ಗಂಟು, ಮೇಲೆ ಬಿಳಿ. ಇದರದ್ದು ಕೊಳೆತಿದೆ. ಅವಳು ಹೇಳಿ ಮುಗಿಸುವವರೆಗೆ ಅವರು ಕಾಯುವರು, ಆಮೇಲೆ "ತೆಗೀರಿ" ಅನ್ನುವರು. ಕಿತ್ತ ಗಿಡಗಳನ್ನು ಹಿತ್ತಲಲ್ಲಿ ಎಳೆದಾಡಬೇಡಿ, ಇನ್ನೊಂದಕ್ಕೆ ಹತ್ತುತ್ತೆ ಅಂತ ಆಳುಗಳಿಗೆ ಮತ್ತೆ ಮತ್ತೆ ಎಚ್ಚರಿಸಿದರು. ಕೆಲವು ಕೊಂಬೆಗಳಲ್ಲಿ ತಿಳಿಗುಲಾಬಿ ಮೊಗ್ಗು ಮೂಡಿತ್ತು. ಆ ಮಾತನ್ನು ಭಾಗ್ಯ ಹೇಳಲೋ ಬೇಡವೋ ಅಂತ ನಿಂತಳು. ಕೊನೆಗೆ ಹೇಳಿದಳು. ವೆಂಕಟಪ್ಪ ಮುಖ ಪಕ್ಕಕ್ಕೆ ತಿರುಗಿಸಿಕೊಂಡರು.

ಸಂಜೆಗೆ ಬೇರಿನಲ್ಲಿ ಗಂಟಿಲ್ಲದ, ನೀರಿನ ಟ್ಯಾಂಕಿನ ಪಕ್ಕದ ಮೂರು ಗಿಡ ಉಳಿದವು. ಅವುಗಳಲ್ಲಿ ಎರಡು ಬೇಸಿಗೆಯಲ್ಲಿ ಒಣಗಿದವು. ಬರಿದಾದ ಜಾಗ ಕಂಡು ಟ್ರಸ್ಟಿನವರು ಅಲ್ಲಿ ಹುಡುಗರ ಓದುವ ಕೋಣೆ ಕಟ್ಟಿಸಲು ಹೊರಟು, ಸಂಕೋಚದಿಂದಲೇ ವೆಂಕಟಪ್ಪನವರನ್ನು ಕೇಳಿದರು. "ಓದೋ ಕೋಣೆ ತಾನೇ? ಧಾರಾಳವಾಗಿ ಕಟ್ಟಿಸಿ" ಅಂದರು. ಆಮೇಲೆ ಅವರು ಹಾಸ್ಟೆಲಿನ ಕಡೆ ಹೋಗಲಿಲ್ಲ. ಕೇಳಿದರೆ ಮಂಡಿ ನೋವು ಅನ್ನುತ್ತಿದ್ದರು.

ಭಾಗ್ಯ ಮಾತ್ರ ಬಿಡಲಿಲ್ಲ. ದಿನವೂ ಬೆಳಿಗ್ಗೆ ಹೋಗಿ ಆ ಒಂದು ಗಿಡದ ಎಲೆ ಮಗುಚಿ, ಕೊಂಬೆಯ ಸಂದು ನೋಡಿ, ಬುಡ ಕೆದಕಿ ಬರುವಳು. ಅಷ್ಟರಲ್ಲಿ ಪಾರ್ವತಮ್ಮ ಗಂಡನ ಕಣ್ಣಿಗೆ ಡ್ರಾಪ್ಸ್ ಹಾಕಿ ಜಗಲಿಯ ಮೇಲೆ ಕೂರಿಸಿರುತ್ತಿದ್ದರು. ಭಾಗ್ಯ ಪಕ್ಕದಲ್ಲಿ ಕೂತು ಕಂಡಿದ್ದನ್ನೆಲ್ಲ ಹೇಳುವಳು. ಒಂದು ಎಲೆಗೆ ಚುಕ್ಕೆ ಬಿದ್ದಿದ್ದರೂ ಹೇಳುವಳು, ಒಂದು ಇರುವೆ ಹತ್ತಿದ್ದರೂ ಹೇಳುವಳು. ಅವರು "ಹೂಂ" ಅನ್ನುವರು. ಕೇಳಿದರೆ ಏನು ಮಾಡಬೇಕೆಂದು ಹೇಳಿಕೊಡುವರು.

ಆಷಾಢದ ಒಂದು ಬೆಳಿಗ್ಗೆ ಅವಳು ಬಂದು, "ಇವತ್ತು ಏನೂ ಇಲ್ಲ ಅಪ್ಪಾ. ಹೊಸ ಚಿಗುರು ಬಂದಿದೆ, ಕ್ಲೀನಾಗಿದೆ" ಅಂದಳು.

ವೆಂಕಟಪ್ಪ ಕಾಫಿ ಲೋಟ ಕೆಳಗಿಟ್ಟರು. "ನಿಜವಾಗ್ಲೂ?" ಅಂದರು.

ಆ ಮಾತಿನಲ್ಲಿ ಕೋಪವಿರಲಿಲ್ಲ, ಕೊಂಕೂ ಇರಲಿಲ್ಲ. ಮಗು ಕೇಳಿದ ಹಾಗಿತ್ತು. ಬಾಯಿಂದ ಬಿದ್ದ ಮೇಲೆ ಅವರಿಗೇ ಅದರೊಳಗಿನ ಅನುಮಾನ ಕೇಳಿಸಿತೇನೋ, ಮಗಳ ಕೈಗಾಗಿ ತಡವರಿಸಿದರು. ಭಾಗ್ಯ ಕೈ ಕೊಟ್ಟಳು.

"ಬನ್ನಿ ಅಪ್ಪಾ, ಹೋಗೋಣ. ನೀವೇ ಮುಟ್ಟಿ ನೋಡಿ."

"ಬೇಡ ಮಗಾ. ನಿಂಗೆ ಸ್ಕೂಲಿಗೆ ಹೊತ್ತಾಯ್ತು."

ಹೌದು, ಹೊತ್ತಾಗಿತ್ತು. ಆದರೂ ಅವಳು ಆ ಕೈ ಬಿಡದೆ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದಳು.