ಬಿಳಿಹೊಟ್ಟೆ ಕಾಳು

"ಆತ್ರೀ ಸಾವ್ಕಾರ್ರ, ಕರಗೈತಿ," ಎಂದ ಆದಪ್ಪ, ಸುಲಿದ ಕಾಳೊಂದನ್ನು ಬಿಸಿಲಿಗೆ ಹಿಡಿದು.

ಕಣದಲ್ಲಿ ಭತ್ತ ಹರವುತ್ತಿದ್ದ ಅವನ ಹೆಂಡತಿ ಮಾರೆಮ್ಮ ಕೈ ನಿಲ್ಲಿಸಿ ತಲೆ ಎತ್ತಿದಳು. ಇಷ್ಟು ಬೇಗ ಹೆಂಗಾದೀತು? ಹಸಿ ಕಾಳಿನ ಹೊಟ್ಟೆಯಲ್ಲಿ ಸುಣ್ಣದ ಹರಳಿನಂಥ ಬಿಳುಪಿರುತ್ತದೆ. ಕುಸುಬಲಕ್ಕಿಗೆಂದು ಭತ್ತ ಬೇಯಿಸುವ ಹಂಡೆಯೊಳಗೆ ಆವಿ ಹೊಕ್ಕಂತೆಲ್ಲ ಅದು ಅಂಚಿನಿಂದ ಕರಗುತ್ತ ಬಂದು, ಕಡೆಗೆ ಕಾಳೆಲ್ಲ ಗಾಜಿನಂತಾಗುತ್ತದೆ. ಸಾಸಿವೆಯಷ್ಟು ಬಿಳುಪು ಉಳಿದರೂ ಗಿರಣಿಯಲ್ಲಿ ಅಕ್ಕಿ ನುಚ್ಚು. ಆವಿ ಹೆಚ್ಚಾದರೆ ಕಾಳು ಬಾಯಿಬಿಟ್ಟು ಅರಳಿಹೋಗುತ್ತದೆ. ಸಿಂಧನೂರಿನ ಆ ಮಿಲ್ಲಿನಲ್ಲಿ ಇಪ್ಪತ್ತು ವರ್ಷ ಈ ಹದ ಹೇಳಿದವನು ಆದಪ್ಪನೇ. ಕಣ್ಣಿಗೆ ಪೊರೆ ಬಂದ ಮೇಲೆ ಮಾತ್ರ, ಬುತ್ತಿ ಕೊಡುವ ನೆಪದಲ್ಲಿ ಹೋಗಿ ಕಾಳು ನೋಡಿ ಪಿಸುಗುಡುತ್ತಿದ್ದವಳು ಮಾರೆಮ್ಮ. ಇವತ್ತು ಸಾಹುಕಾರ ಹಂಪಣ್ಣ ಕೇರಳದ ವ್ಯಾಪಾರಿಯನ್ನು ಕರೆತಂದು ಹಂಡೆಯ ಮುಂದೆಯೇ ಬೇರೂರಿದ್ದ; ಅವಳು ಹತ್ತಿರ ಸುಳಿಯುವಂತಿರಲಿಲ್ಲ.

ಆದಪ್ಪನ ಕೈ ಆವಿಯ ವಾಲ್ವಿಗೆ ಹೋಯಿತು. ಮುಚ್ಚಿದನೆಂದರೆ ಹಂಡೆಯ ಭತ್ತವೂ ಹೋಯಿತು, ಕೆಲಸವೂ ಹೋಯಿತು. ಮಾರೆಮ್ಮ ಓಡಿಬಂದು ಅವನ ಬೆರಳ ನಡುವಿನ ಕಾಳು ನೋಡಿದಳು.

"ತಡೀ, ಮುಚ್ಚಬ್ಯಾಡ! ಹೊಟ್ಟ್ಯಾಗ ಇನ್ನಾ ಬೆಳ್ಳಗೈತಿ!"

"ಏನಬೇ, ಗಂಡಗ ಕಲಿಸಾಕ ಬಂದಿಯೇನು?" ಎಂದು ನಗುತ್ತಲೇ ಹಂಪಣ್ಣ ಕಾಳು ಇಸಿದುಕೊಂಡು ನೋಡಿದ. ನಗು ನಿಂತಿತು. ಆದಪ್ಪನ ಮುಖದ ಮುಂದೆ ಬೆರಳು ಎತ್ತಿದ. "ಲೇ, ಎಷ್ಟದಾವ ಹೇಳು?"

ಆದಪ್ಪ ಕಣ್ಣು ಕಿರಿದು ಮಾಡಿ ಕತ್ತು ಮುಂದೆ ಚಾಚಿದ.

"ಕುರುಡನ ಕೈಯಾಗ ಹಂಡೆ ಕೊಟ್ಟು ಕುಂತಿದ್ನೇನಲೇ! ನಡಿ ಮನಿಗೆ."

"ಎಲ್ಡು ವರ್ಷಾತು, ಕಾಳು ನೋಡಾಕಿ ನಾನರೀ," ಎಂದಳು ಮಾರೆಮ್ಮ. "ಒಂದ್ ದಿನರ ನುಚ್ಚಾಗೈತೇನು?"

"ಹಂಗಾರ ನೀ ಇರು. ಅವ ಹೋಗ್ಲಿ."

"ಅವನ್ನ ದೂಡಿ ಆ ಜಾಗದಾಗ ನಾ ನಿಂದ್ರಲೇನ್ರಿ? ನಿಮ್ಮ ಹಂಡೆ ನೀವ ನೋಡ್ಕೋರಿ." ಸೆರಗು ಕೊಡವಿ ಗಂಡನ ರಟ್ಟೆ ಹಿಡಿದಳು.

ಗೇಟಿನ ಬಳಿ ಆದಪ್ಪ ರಟ್ಟೆ ಬಿಡಿಸಿಕೊಂಡ.

"ಮಂದ್ಯಾಗ ನನ್ನ ಮಾನ ಕಳದಿ," ಎಂದ.

"ಹಂಡೆ ನೆಲ್ಲು ಕೆಟ್ಟಿದ್ರ ಉಳೀತಿತ್ತೇನು ಮಾನ?"

ಅವನು ಥಟ್ಟನೆ ನಿಂತ. ಹೊಟ್ಟಿನ ಹೊಗೆಯನ್ನು ಸರಿಸಿಕೊಂಡು ಬೆಂದ ಭತ್ತದ ವಾಸನೆ ಗಾಳಿಯಲ್ಲಿ ತೇಲಿಬಂದಿತ್ತು. ಮೂಗರಳಿಸಿ, ತಲೆ ಓರೆ ಮಾಡಿದ.

"ಈಗ ಕರಗ್ತು ನೋಡು," ಎಂದ ಮೆಲ್ಲಗೆ. "ಈಗ ಮುಚ್ಚಬೇಕು."

ಮಾರೆಮ್ಮ ಹಿಂದಿರುಗಿ ನೋಡಿದಳು. ಹಂಪಣ್ಣ ಒಂದಾದ ಮೇಲೊಂದು ಕಾಳು ಸುಲಿದು ಬಿಸಿಲಿಗೆ ಹಿಡಿಯುತ್ತ, ವ್ಯಾಪಾರಿಗೂ ತೋರಿಸುತ್ತ ನಿಂತಿದ್ದ. ಆವಿ ಸುಸ್ಸೆನ್ನುತ್ತಲೇ ಇತ್ತು.