ಪಡದೆಯ ಮೋಟಾರು

ಬಾನೆಟ್ಟಿನ ಮೇಲೆ ಯಾರೋ ಬೆರಳಿನಿಂದ ಟಕ್ ಟಕ್ ಎಂದು ಬಡಿಯುತ್ತಿದ್ದಾರೆ, ತೆಂಗಿನಕಾಯಿ ಕೊಳ್ಳುವವರು ಬಡಿದು ನೋಡುವ ಹಾಗೆ, ಇದೇನು ತೆಂಗಿನಕಾಯಿಯೇ, ನನ್ನ ಮೋಟಾರು, ಬಳಗಾನೂರಿನಿಂದ ಅಪ್ಪ ಬಳುವಳಿ ಕೊಟ್ಟದ್ದು, ಒಳಗೆ ನಾನು ಕೂತಿದ್ದೇನೆಂಬುದು ಆ ಲಿಂಗಸುಗೂರಿನ ಕಾಲುವೆ ಗುತ್ತಿಗೆದಾರ ಲಾಲಪ್ಪನಿಗೆ ಗೊತ್ತಿದೆಯೋ ಇಲ್ಲವೋ — ಗೊತ್ತಿದ್ದೇ ಬಡಿಯುತ್ತಿರಬೇಕು. ಗೊರೇಬಾಳದ ಹೊಲ ನೋಡಿ ಬರೋಣವೆಂದು ಹಿಂದಿನ ಸೀಟಿನಲ್ಲಿ ಕೂತು ಪಡದೆ ಎಳೆದುಕೊಂಡದ್ದೇ ತಡ, ಇವನ ಜೀಪು ಅಂಗಳಕ್ಕೆ ನುಗ್ಗಿತು, ಈಗ ಇಳಿಯುವಂತಿಲ್ಲ, ಪರಗಂಡಸಿನ ಎದುರಿಗೆ ಮಸ್ಕಿ ದೇಸಾಯರ ಮನೆಯ ಹೆಂಗಸು ಇಳಿಯುವುದುಂಟೇ, ಹೊರಡೋಣವೆಂದರೆ ಬುಡ್ಡೇಸಾಬ್ ಮೋಟಾರು ತಿರುವುವ ಹ್ಯಾಂಡಲ್ ಹಿಡಿದುಕೊಂಡು ನಮ್ಮವರ ಮುಖ ನೋಡುತ್ತ ನಿಂತಿದ್ದಾನೆ, ಅಪ್ಪ ಮೋಟಾರಿನ ಜೊತೆಗೇ ಕಳಿಸಿಕೊಟ್ಟ ಡ್ರೈವರು, ಅವನೂ ಮೊನ್ನೆ ಜೀಪ್ ಭಾಳ ಮಜಬೂತ್ ಅದ ಅಮ್ಮಾ ಎಂದ, ನಾನು ಕೇಳಿರಲಿಲ್ಲ, ಕೇಳದೆ ಯಾಕೆ ಹೇಳಿದ, ಯಾರು ಹೇಳಿಸಿದರು. ಮಿಲ್ಟ್ರಿ ಜೀಪು ರೀ ದೇಸಾಯರ, ಹೊರಗೆ ಲಾಲಪ್ಪನ ದನಿ, ಹರಾಜಿನ್ಯಾಗ ಹಿಡದೀನಿ, ಕಾಲುವಿ ಕೆಸರಾಗ ಎಮ್ಮಿ ಹೊಕ್ಕಂಗ ಹೊಕ್ಕು ಬರ್ತದ, ಇದನ್ನ ನೀವು ಇಟಗೋರಿ, ಅದನ್ನ ನನಗ ಕೊಡ್ರಿ, ಬರಾಬರ್. ಬರಾಬರ್ ಅಂತೆ! ಗಟ್ಟಿಯಾದದ್ದನ್ನು ಕೊಟ್ಟು ಕೆಮ್ಮುವ ಹಳೇ ಗಾಡಿ ಕೇಳುವವನನ್ನು ನಾನಂತೂ ಕಂಡಿಲ್ಲ, ಬೆಳ್ಳಗಿರುವುದೆಲ್ಲ ಹಾಲಲ್ಲ.

ಇವನದು ಹಾಗಿರಲಿ, ನಮ್ಮವರದೇನು? ನಿನ್ನೆ ಊಟಕ್ಕೆ ಕೂತು, ಸಾರಿಗೆ ಉಪ್ಪು ಜಾಸ್ತಿಯಾದದ್ದನ್ನೂ ಎತ್ತಿ ಆಡದೆ, ಕಲ್ಯಾಣೀ ಎಂದರು, ಮದುವೆಯಾದ ಹೊಸದರಲ್ಲಿ ಕರೆಯುತ್ತಿದ್ದ ಹೆಸರು, ನಿನ್ನ ತವರಿನ ಗಾಡಿ, ನಿನ್ನ ಹೂಂ ಇಲ್ಲದ ನಾ ಕೊಡಾಂವಲ್ಲ, ಅಂದರು, ಆ ದನಿಗೇ ನನಗೆ ಹೆದರಿಕೆಯಾಯಿತು. ಇವತ್ತೇ ಬರುತ್ತಾನೆಂದು ಮಾತ್ರ ಹೇಳಲಿಲ್ಲ. ಜೀಪಿಗೆ ಚಾವಣಿಯಿಲ್ಲ, ಬಾಗಿಲಿಲ್ಲ, ಪಡದೆ ಕಟ್ಟಲು ಕಂಬಿಯೂ ಇಲ್ಲ, ಅದು ಬಂದರೆ ನಾನು ಮನೆಯಲ್ಲೇ, ಬಳಗಾನೂರೂ ಇಲ್ಲ, ಸಿಂಧನೂರೂ ಇಲ್ಲ, ಗೊರೇಬಾಳವಂತೂ ಇಲ್ಲವೇ ಇಲ್ಲ — ಅದೇ ಇವರಿಗೆ ಬೇಕಾಗಿರುವುದೋ ಏನೋ. ಕಾಲುವೆಗೆ ನೀರು ಬಿಡುವ ಮುಂಚೆ ಅಪ್ಪ ನನ್ನ ಹೆಸರಿಗೆ ಬರೆದ ಆ ಗೊರೇಬಾಳದ ಹೊಲವನ್ನು ಪುಕ್ಕಟೆ ಕೊಟ್ಟರೂ ಕೇಳುವವರಿರಲಿಲ್ಲ, ಹೋದ ಸಲ ಹೋದಾಗ ಪಡದೆಯ ಸಂದಿನಿಂದ ನೋಡುತ್ತೇನೆ, ಯಾರೋ ತೆಲುಗು ಮಾತಾಡುವವರು ನನ್ನ ಬದುವಿನ ಮೇಲೆ ಹಗ್ಗ ಹಿಡಿದು ಅಳೆಯುತ್ತಿದ್ದಾರೆ, ಮನೆಗೆ ಬಂದು ಕೇಳಿದರೆ ಸುಮ್ಮನ ನೋಡಾಕ ಬಂದಾರ ಬಿಡು ಎಂದರು, ಹಗ್ಗ ಹಿಡಿದು ಸುಮ್ಮನೆ ಯಾರು ನೋಡುತ್ತಾರೆ? ಅದಾದ ಎಂಟೇ ದಿನಕ್ಕೆ ಈ ಜೀಪಿನ ಮಾತು ಮನೆಗೆ ಬಂತು. ಸೀಟಿನ ಚರ್ಮ ಬಿಸಿಯಾಗಿದೆ, ಪೆಟ್ರೋಲು, ಅವ್ವ ಹೊಲಿದ ನೀಲಿ ಪಡದೆಯ ಧೂಳು, ಈ ವಾಸನೆ ಮೂಗಿಗೆ ಬಿದ್ದರೆ ಸಾಕು ಎಲ್ಲಿಗೋ ಹೊರಟೆ ಎಂದು ನನ್ನ ಎದೆ ಹಿಗ್ಗುತ್ತದೆ, ಇದನ್ನು ಕೊಡುವುದೆಂದರೆ ನನ್ನ ಕಾಲು ಮುರಿದು ಕೊಟ್ಟ ಹಾಗೆ.

ಒಂದ ಮಾತು ರೀ, ಲಾಲಪ್ಪ ದನಿ ತಗ್ಗಿಸಿದ್ದಾನೆ, ನಾನು ಕಿವಿಯನ್ನು ಪಡದೆಗೆ ಹಚ್ಚಿದೆ, ಪಡದಿ ಮಾತ್ರ ತಗೀಬ್ಯಾಡ್ರಿ, ಪಡದಿ ಸಲುವಾಗಿನ ಕೇಳಾಕತ್ತೀನಿ, ಇಷ್ಟು ಗಳಿಸಿದ್ರೂ ಮಂದಿ ನಮ್ಮಾಕೀನ್ನ ಕಲ್ಲು ಹೊರಾಕಿ ಅಂತಾರ, ಇನ್ನ ಮ್ಯಾಲ ಆಕೀನೂ ಗೋಷಾದಾಗ ಇರಬೇಕು ರೀ, ನಿಮ್ಮ ಅಮ್ಮಾರಂಗ. ಹಾಗಾದರೆ ಮೋಸವಿಲ್ಲ, ಇಷ್ಟೇ — ಸಂದು ಸರಿಸಿ ನೋಡಿದರೆ ಜೀಪಿನ ಮುಂದಿನ ಸೀಟಿನಲ್ಲೇ ಕೂತಿದ್ದಾಳೆ ಅವನ ಹೆಂಡತಿ ಯಮನೂರಮ್ಮ, ಸೆರಗು ಹೆಗಲಿಗೆ ಜಾರಿದೆ, ಶೇಂಗಾ ಬಾಯಿಗೆ ಎಸೆದುಕೊಳ್ಳುತ್ತ ಬೇವಿನ ಮರ, ಕಾಗೆ, ನಮ್ಮ ಮಾಳಿಗೆ ಎಲ್ಲವನ್ನೂ ತಲೆಯೆತ್ತಿ ನೋಡುತ್ತಿದ್ದಾಳೆ, ಒಂದು ಕಾಲು ಹೊರಗೆ ಇಳಿಬಿಟ್ಟಿದ್ದಾಳೆ, ಬಿಸಿಲಲ್ಲಿ, ಒಡೆದ ಹಿಮ್ಮಡಿ, ದಪ್ಪನೆಯ ಬೆಳ್ಳಿ ಕಡಗ, ಆ ಕಾಲು ಸುಮ್ಮನೆ ತೂಗಾಡುತ್ತಿದೆ. ನನಗೆ ಹೊಟ್ಟೆಕಿಚ್ಚಾಯಿತು, ಯಾಕೆ ಸುಳ್ಳು ಹೇಳಲಿ, ನನ್ನ ಕಾಲಿಗೆ ಬಿಸಿಲು ತಾಗಿ ಎಷ್ಟು ಕಾಲವಾಯಿತು, ಈ ಸಂದಿನಿಂದ ಕಾಣುವ ಒಂದು ಬೆರಳಗಲದ ದಾರಿಯನ್ನೇ ತಿರುಗಾಟ ಎಂದುಕೊಂಡು ಬಂದೆನಲ್ಲ.

ಕಲ್ಯಾಣೀ, ಕೊಡೋಣೇನು? ನಮ್ಮವರು ಪಡದೆಯ ಹತ್ತಿರವೇ ಬಂದು ನಿಂತಿದ್ದಾರೆ. ಪರರೆದುರು ನಮ್ಮ ದನಿ ಕೇಳಿಸಬಾರದು, ಬಳೆ ಅಲುಗಾಡಿಸಿದರೆ ಹೂಂ, ಇಲ್ಲದಿದ್ದರೆ ಇಲ್ಲ, ಅತ್ತೆಯ ಕಾಲದಿಂದ ಹಾಗೇ ನಡೆದು ಬಂದಿದೆ. ಬಲಗೈಯಿಂದ ಎಡಗೈ ಬಳೆಗಳನ್ನು ಹಿಡಿದುಕೊಂಡೆ, ಒಂದು ಸದ್ದಾದರೆ ಸಾಕು, ಅವಳು ಇದರೊಳಗೆ, ನಾನು ಮನೆಯೊಳಗೆ, ಬೇಡ, ಅವಳಾದರೂ ಹಾಗೇ ಕೂತಿರಲಿ — ಅವಳ ಮೇಲಿನ ಮರುಕವೋ, ಗೊರೇಬಾಳದ ಹೊಲದ ಆಸೆಯೋ, ಈಗ ನನ್ನ ಮೇಲೆ ನನಗೇ ಅನುಮಾನ. ಇನ್ನೊಮ್ಮೆ ಕೇಳಿದರು. ಬೆರಳು ಬಿಗಿ ಮಾಡಿದೆ, ಗಾಜು ಚರ್ಮಕ್ಕೆ ಒತ್ತಿತು. ಆಕಿಗಿ ಮನಸಿಲ್ಲ ಲಾಲಪ್ಪ, ಎಂದರು, ಹಲ್ಲು ಕಚ್ಚಿಕೊಂಡೇ. ಆಗ ಜೀಪಿನಿಂದ ಅವಳ ದನಿ, ಅಂಗಳಕ್ಕೆಲ್ಲ ಕೇಳುವ ಹಾಗೆ, ಯಾಕ್ರೀ ಅಮ್ಮಾರ, ನಾ ಕುಂತ್ರ ನಿಮ್ಮ ಮೋಟಾರು ಮೈಲಿಗಿ ಆಕ್ಕತೇನ್ರೀ? ಅಲ್ಲವೇ ತಾಯೀ, ಅದಲ್ಲ, ನಿನಗೆ ಹೇಗೆ ಹೇಳಲಿ, ಬಾಯಿ ತೆರೆದೆ, ಹೊರಗೆ ಗಂಡಸರು, ಸೆರಗು ಕಚ್ಚಿಕೊಂಡೆ, ಬಳೆಗಾದರೂ ಹೂಂ ಬಿಟ್ಟು ಬೇರೆ ಮಾತು ಎಲ್ಲಿ ಬರುತ್ತದೆ — ಸಂದಿನಲ್ಲಿ ಆ ಕಾಲು ತೂಗಾಡುವುದನ್ನು ನಿಲ್ಲಿಸಿದೆ, ಒಡೆದ ಹಿಮ್ಮಡಿ, ಕಡಗ, ಆ ಕಾಲು ಮೆಲ್ಲಗೆ ಮೇಲಕ್ಕೆ ಹೋಯಿತು, ಒಳಗೆ ಮಡಚಿಕೊಂಡಳು, ಸೀರೆಯಂಚು ಎಳೆದು ಅದರ ಮೇಲೆ ಹೊದಿಸಿದಳು, ಬೆರಳೂ ಕಾಣದ ಹಾಗೆ, ಆ ಕಾಲು —