ಸಂತೆಯಲ್ಲಿ ಕಟ್ಟಿಸಿದ ಹಲ್ಲು

ಹಾರನಹಳ್ಳಿಯ ಮಾರಮ್ಮ ಸೋಬಾನೆ ಪದ ಎತ್ತಿದರೆ ಮದುವೆ ಮನೆಯೇ ಸುಮ್ಮನಾಗುತ್ತಿತ್ತು. ಮುಂದಿನ ಹಲ್ಲೊಂದು ಬಿದ್ದ ಮೇಲೆ ಹಾಡುವಾಗ ಗಾಳಿ ಸೋರತೊಡಗಿತು. ಬರುವ ವರ್ಷ ಮೊಮ್ಮಗಳ ಮದುವೆ. ಅಲ್ಲಿ ಹಾಡಲೇಬೇಕೆಂದು ಆಕೆಗೆ ಆಸೆ. ಗಂಡ ಮಹದೇವಯ್ಯ ಪಿರಿಯಾಪಟ್ಟಣದ ಸಂತೆಗೆ ಕರೆದೊಯ್ದ. ಛತ್ರಿಯ ಕೆಳಗೆ ಕೂತವನೊಬ್ಬ ಪುಡಿಗೆ ಏನೋ ದ್ರವ ಕಲಸಿ, ಹೊಸ ಹಲ್ಲನ್ನು ಬಾಯೊಳಗೇ ಅಂಟಿಸಿಬಿಟ್ಟ. ಸುಡುತ್ತದೆ ಎಂದರೆ, ಹಿಡಿದುಕೊಂಡ ಗುರುತು ಅದು ಎಂದನಂತೆ. ಪಕ್ಕದ ಮನೆಯ ನಾನೂ ಆ ಹಲ್ಲನ್ನು ಹೊಗಳಿದೆ. ನನ್ನ ಬಾಯಿಗೆ ಇವತ್ತಿಗೂ ಶಾಪ ಹಾಕಿಕೊಳ್ಳುತ್ತೇನೆ.

ಎಂಟು ತಿಂಗಳ ಮೇಲೆ ವಸಡು ಊದಿ ಕೀವು ಬಂತು. ಮೈಸೂರಿನ ದಂತ ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸ ಮಾಡುವ ನನ್ನ ಮಗಳು ಸಂಘಮಿತ್ರ ರಜೆಗೆ ಬಂದಿದ್ದಳು. ಕೀವಿಗೆ ಆ ಹಲ್ಲೇ ಕಾರಣವೆಂದು ತಿಳಿಯದ ಮಹದೇವಯ್ಯ, ಬಿದ್ದಿದ್ದ ತನ್ನ ಹಲ್ಲನ್ನೂ ಸಂತೆಯವನ ಹತ್ತಿರವೇ ಕಟ್ಟಿಸಲು ಹೊರಟಿದ್ದ.

"ಆಸ್ಪತ್ರೆಲಿ ನಾಕು ಸಲ ಅಲೆಸ್ತಾರೆ ಕಣವ್ವ. ಇವ್ನು ಒಂದೇ ಸಲಕ್ಕೆ ಮುಗಿಸ್ತಾನೆ. ನಿನ್ ದೊಡ್ಡವ್ವನ್ ಹಲ್ಲು ನೋಡು, ಅಲ್ಲಾಡ್ತದಾ?"

"ಅದು ಅಲ್ಲಾಡಲ್ಲ ದೊಡ್ಡಪ್ಪ. ಪಕ್ಕದವೆರಡೂ ಅಲ್ಲಾಡ್ತಾವೆ."

ಅವಳು ಲ್ಯಾಬಿನಿಂದ ಅದೇ ಬಗೆಯ ಪುಡಿ, ದ್ರವ ತರಿಸಿ ಸ್ಟೀಲ್ ಚಮಚದಲ್ಲಿ ಕಲಸಿದಳು. ಗಟ್ಟಿಯಾಗುತ್ತಿದ್ದಾಗ, "ಈಗ ಚಮಚದ ತಳ ಮುಟ್ಟಿ" ಎಂದಳು.

ಮಹದೇವಯ್ಯ ಮುಟ್ಟಿ ಬೆರಳು ಹಿಂದೆಳೆದುಕೊಂಡ. "ಇಷ್ಟು ಬಿಸಿ ಇವ್ಳ ವಸಡಿಗೆ ತಾಕಿತ್ತಾ?"

"ತಾಕಿತ್ತು. ನಾವು ಇದ್ನ ಬಾಯಿಂದಾಚೆ ಅಚ್ಚಲ್ಲಿ ಮಾಡಿ, ಬಿಸಿನೀರಲ್ಲಿಟ್ಟು, ದ್ರವ ಎಷ್ಟು ಉಳ್ಕೊಂಡದೆ ಅಂತ ಪರೀಕ್ಷೆ ಮಾಡ್ತೀವಿ. ಅವ್ನು ಹಸೀದ್ನೇ ಮೆತ್ತವ್ನೆ. ಉಳಿದ ದ್ರವ ವಸಡು ಕೆಡಿಸ್ತದೆ. ಸಂದಿಲಿ ಕೂತ ಅನ್ನ ತೊಳ್ಯಕ್ಕೂ ಆಗ್ದೆ ಕೊಳೀತದೆ."

"ನಾನೇ ಕರ್ಕೊಂಡೋಗಿದ್ದೆ ಕಣವ್ವ" ಎಂದು ಅವನು ತಲೆ ತಗ್ಗಿಸಿದ.

ಮಾರನೆಯ ದಿನ ಆಸ್ಪತ್ರೆಯಲ್ಲಿ ಆ ಹಲ್ಲನ್ನು ಕತ್ತರಿಸಿ ತೆಗೆದರು. ಮೊದಲು ಗಟ್ಟಿಯಾಗಿದ್ದ ಅಕ್ಕಪಕ್ಕದ ಎರಡು ಸ್ವಂತ ಹಲ್ಲುಗಳನ್ನೂ ತೆಗೆಯಬೇಕಾಯಿತು. ವಸಡಿನ ಗಾಯ ಮಾಯದೆ ಬೇರೆ ಹಲ್ಲು ಕಟ್ಟುವಂತಿಲ್ಲ ಎಂದರು ಡಾಕ್ಟರು. ಮದುವೆಗೆ ಉಳಿದದ್ದು ಒಂಬತ್ತು ದಿನ.

ಚಪ್ಪರದಲ್ಲಿ ಹೆಂಗಸರೆಲ್ಲ ಮಾರಮ್ಮನ ಮುಖ ನೋಡಿದರು. ಆಕೆ ಸೆರಗಿನಿಂದ ಬಾಯಿ ಮುಚ್ಚಿ ಒಲ್ಲೆನೆಂದು ತಲೆಯಾಡಿಸಿದಳು. ಬೇರೆ ಯಾರೋ ಎತ್ತಿದ ಪದ ನಡುವೆಯೇ ಮರೆತುಹೋಯಿತು. ಮುಂದಿನ ಸಾಲು ಆಕೆಗೆ ಗೊತ್ತಿತ್ತು. ಆದರೂ ನೆಲ ನೋಡುತ್ತ ಕೂತಳು.

ಮಹದೇವಯ್ಯ ತನ್ನ ಹಲ್ಲನ್ನು ಆಸ್ಪತ್ರೆಯಲ್ಲೇ ಕಟ್ಟಿಸಿದ. ನಾಲ್ಕು ಸಲ ಅಲೆದ, ಗೊಣಗಲಿಲ್ಲ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಹಲ್ಲು ಬಿದ್ದರೆ ದಂತ ವೈದ್ಯರ ಬಳಿ ಹೋಗಿ. ಸಂತೆಯಲ್ಲಿ, ಬಸ್‌ ನಿಲ್ದಾಣದಲ್ಲಿ ಪುಡಿ ಕಲಸಿ ಬಾಯೊಳಗೇ ಅಂಟಿಸುವವರಿಗೆ ಬಾಯಿ ತೆರೆಯಬೇಡಿ. ಈಗಾಗಲೇ ಅಂಟಿಸಿಕೊಂಡಿದ್ದರೆ, ನೋವಿಲ್ಲದಿದ್ದರೂ ಈ ವಾರವೇ ತೋರಿಸಿ. ಮಾರಮ್ಮನಿಗೂ ಎಂಟು ತಿಂಗಳು ನೋವಿರಲಿಲ್ಲ.